ಕಪ್ಪಲ್ಲದ ಗೆಡ್ಡೆಗೆ ಕಪ್ಪಿನ ಹೆಸರು

ಆಪರೇಷನ್ ಮಾಡಿ ತೆಗೆದ ಗೆಡ್ಡೆಗಳನ್ನು ಪರೀಕ್ಷಿಸಿ ರಿಪೋರ್ಟ್ ಬರೆಯೋದು ದಾವಣಗೆರೆಯಲ್ಲಿ ನನ್ನ ಕೆಲಸ. ಅಪರೂಪಕ್ಕೊಮ್ಮೆ 'ಫಿಯೋಕ್ರೋಮೋಸೈಟೋಮಾ' ಅಂತ ಬರೆಯಬೇಕಾಗುತ್ತದೆ. ಹೆಸರು ಓದಿದವರು ಅರ್ಥ ಕೇಳದೆ ಹೋಗಲ್ಲ.

ಮೊದಲ ಸಲ ನಾನೇ ಎಡವಟ್ಟು ಮಾಡಿದೆ. ಗ್ರೀಕಿನಲ್ಲಿ ಫಾಯೋಸ್ ಅಂದರೆ ಮಬ್ಬುಗಪ್ಪು, ಕ್ರೋಮಾ ಅಂದರೆ ಬಣ್ಣ. ಕೈಟೋಸ್ ಅಂದರೆ ಟೊಳ್ಳು ಪಾತ್ರೆ, ಈಗ ಜೀವಕೋಶ. ಓಮಾ ಗೆಡ್ಡೆ. ಎಲ್ಲ ಕೂಡಿಸಿ "ಕಪ್ಪು ಗೆಡ್ಡೆ" ಅಂದುಬಿಟ್ಟೆ. ರೋಗಿಯ ಹೆಂಡತಿ ಬೆಂಚಿನ ಮೇಲೆ ಕುಸಿದು ಕೂತರು. "ಒಳಗೇ ಕೊಳೆತೈತೇನ್ರೀ ಸಾರ್?"

ಅದು ಮೈಯೊಳಗೆ ಕಪ್ಪಗಿರೋದೇ ಇಲ್ಲ. ಮೂತ್ರಪಿಂಡದ ನೆತ್ತಿ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಬೆಳೆದು, ಅಡ್ರಿನಲಿನ್ ಥರದ ರಸ ಸುರಿಸುತ್ತದೆ. ಬಿಪಿ ಏರುತ್ತದೆ, ತಲೆ ಸಿಡಿಯುತ್ತದೆ, ಬೆವರು, ಎದೆ ಡವಡವ. ಹಸಿ ತುಂಡನ್ನು ಪೊಟ್ಯಾಸಿಯಂ ಡೈಕ್ರೋಮೇಟ್ ನೀರಿಗೆ ಹಾಕಿದಾಗ ಮಾತ್ರ ಬಣ್ಣ ತಿರುಗೋದು. ನಾನೊಮ್ಮೆ ಹಾಕಿ ನೋಡಿದೆ. ಬೂದು ಬಣ್ಣದ ಚೂರು ಕಣ್ಣೆದುರೇ ಕಡುಗಂದು ಆಯಿತು. 1912ರಲ್ಲಿ ಈ ಹೆಸರು ಕೊಟ್ಟ ಲುಡ್ವಿಗ್ ಪಿಕ್ ಹಿಡಿದಿದ್ದು ಇದೇ ಗುಣವನ್ನು. ಗೆಡ್ಡೆ ಕೊಡುವ ಕಾಟಕ್ಕಲ್ಲ, ಬಾಟಲಿಯಲ್ಲಿ ಆಡುವ ಆಟಕ್ಕೆ ಹೆಸರು!

ಮುಂದೊಂದು ಸಲ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಅಣ್ಣನ ರಿಪೋರ್ಟ್ ಹಿಡಿದು ಬಂದರು. ಈ ಸಲ ಬಾಟಲಿಯಿಂದಲೇ ಶುರು ಮಾಡಿದೆ. "ಚೊಗರಲ್ಲಿ ಅಡಿಕೆ ಬೇಯಿಸಿದಂಗಾ ಸಾರ್?" ಅಂದರು. ಹತ್ತಿರ ಬಂದಿದ್ದರು. ಆದರೆ ಚೊಗರಿನ, ಅಂದರೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸದ, ಬಣ್ಣ ಹೊರಗಿಂದ ಹತ್ತುತ್ತದೆ. ಇಲ್ಲಿ ಗೆಡ್ಡೆಯೊಳಗಿನ ಅಡ್ರಿನಲಿನ್ನೇ ಕಂದು ಬಣ್ಣಕ್ಕೆ ತಿರುಗುತ್ತದೆ. "ಹಸಿ ಅಡಿಕೆ ಹೋಳು ಮಾಡಿಟ್ಟರೆ ತಾನೇ ಕೆಂಪಾಗುತ್ತಲ್ಲ, ಹಾಗೆ" ಅಂದೆ. ತಲೆ ಆಡಿಸಿದರು.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇನ್ನೊಂದು ಪದ. ಅಡ್ರಿನಲಿನ್ ಬಳಗಕ್ಕೆ ಕ್ಯಾಟೆಕೋಲಮೀನ್ ಅಂತಾರೆ. ಅದರಲ್ಲಿರುವ ಕ್ಯಾಟೆಕಾಲ್ ಅನ್ನು 1839ರಲ್ಲಿ ಮೊದಲು ಪಡೆದಿದ್ದು ಕ್ಯಾಟೆಚುವಿನಿಂದ. ಕ್ಯಾಟೆಚು ಅಂದರೆ ಬೀಡಾಕ್ಕೆ ಸವರುವ ಕಾಚು. ಆ ಹೆಸರಿನ ಮೂಲ ನಮ್ಮ ಕಡೆಯ 'ಕಾಚು'ವಿನ ನೆಂಟನೇ. ಗ್ರೀಕ್ ಹುಡುಕುತ್ತಾ ಹೋಗಿ ಪಾನ್ ಅಂಗಡಿ ಮುಂದೆ ಬಂದು ನಿಂತ ಹಾಗಾಯಿತು.

ಇದನ್ನೂ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಹಂಗಾದ್ರೆ ನಮ್ಮಣ್ಣ ಎಲೆ-ಅಡಿಕೆ ಹಾಕ್ಕೋಬಹುದಾ ಸಾರ್?" ಅಂದರು.

ಅಡಿಕೆ ಬೆಳೆಯುವವರ ಮುಂದೆ ಹೇಳೋದು ಕಷ್ಟ. ಆದರೂ ಬೇಡ ಅಂದೆ.