ಹಾಲ್‌ನಲ್ಲಿ ನಮ್ಮ ಬ್ಯಾಂಡ್ ಹಾಡಿದ್ದು: ಸೌಂಡ್ ಬಗ್ಗೆ ನನ್ನ ಅನುಭವ

ನಮ್ಮ ಬ್ಯಾಂಡಲ್ಲಿ ಯಾರಿಗೂ ಸಂಗೀತ ಹೊಟ್ಟೆಪಾಡಲ್ಲ. ಹಾಡೋರು ಹೈಸ್ಕೂಲ್ ಟೀಚರ್, ತಬಲದವನು ಮೆಡಿಕಲ್ ಶಾಪ್ ನೋಡ್ಕೋತಾನೆ, ಕೀಬೋರ್ಡ್ ಹುಡುಗ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಲ್ಲಿ ಓದ್ತಿದಾನೆ, ನನ್ನದು ಅಕೌಸ್ಟಿಕ್ ಗಿಟಾರ್. ವಚನ, ತತ್ವಪದ, ಜೊತೆಗೆ ನಾವೇ ಕಟ್ಟಿದ ಒಂದಿಷ್ಟು ಹಾಡು. ದಾವಣಗೆರೆಯಲ್ಲೇ ಒಂದು ಚಿಕ್ಕ ಸಭಾಂಗಣದಲ್ಲಿ ಸಂಜೆ ಪ್ರೋಗ್ರಾಂ ಕೊಡೋ ಅವಕಾಶ ಸಿಕ್ತು. ಹಾಡು ಚೆನ್ನಾಗಿ ಕಲಿತಿದ್ರೆ ಆಯ್ತು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ನನಗನಿಸೋದು ಹಾಡಿನಷ್ಟೇ ಹಾಲನ್ನೂ ಕಲೀಬೇಕು ಅಂತ, ಅದಕ್ಕೇ ಆ ಭಾಗಾನೇ ಜಾಸ್ತಿ ಬರೀತಿದೀನಿ.

ನಾವು ಪ್ರಾಕ್ಟೀಸ್ ಮಾಡೋದು ತಬಲದವನ ಮಾವನ ಮಂಡಕ್ಕಿ ಗೋಡೌನಲ್ಲಿ. ಗೋಡೆ ಕಾಣ್ದಂಗೆ ಚೀಲ ಪೇರಿಸಿರ್ತಾರೆ, ಸದ್ದನ್ನೆಲ್ಲ ಅವೇ ಕುಡಿದುಬಿಡ್ತವೆ, ಏನೂ ವಾಪಸ್ ಬರಲ್ಲ, ಹಂಗಾಗಿ ತಬಲದ ಒಂದೊಂದು ಬೋಲೂ ಬಿಡಿಬಿಡಿಯಾಗಿ ಕೇಳುತ್ತೆ. ಆದ್ರೆ ಆ ಹಾಲ್‌ಗೆ ಟೈಲ್ಸ್ ನೆಲ, ಹಿಂದೆ ಬೋಳು ಗೋಡೆ. ಮುಂಚೇನೇ ಒಂದಿನ ಹೋಗಿ ಸ್ಟೇಜ್ ಮೇಲಿಂದ ಜೋರಾಗಿ ಒಂದು ಚಪ್ಪಾಳೆ ತಟ್ಟಿ ನೋಡಿದ್ವಿ, ಅದು ಹಿಂದಿನ ಗೋಡೆಗೆ ಹೋಗಿ ತಿರುಗಿ ಬಂದಿದ್ದು ಎಲ್ರಿಗೂ ಕೇಳಿಸ್ತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ಗೋಡೆ 20 ಮೀಟರ್ ದೂರ ಇದ್ರೆ ಹೋಗಿ ಬರೋಕೆ ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಹೊತ್ತು ಬೇಕು. ಕೇಳೋಕೆ ಸಣ್ಣದು ಅನ್ಸುತ್ತೆ, ಆದ್ರೆ ತಬಲ ನುಡಿಸೋನು ಆ ವಾಪಸ್ ಬಂದ ಪೆಟ್ಟನ್ನ ನಂಬಿದ್ರೆ ಲಯ ನಿಧಾನ ಆಗ್ತಾ ಆಗ್ತಾ ಹಾಡೇ ಎಳೆಯೋಕೆ ಶುರುವಾಗುತ್ತೆ. ಅದಕ್ಕೆ ಸಾಲಾಗಿ ಕೂರೋದು ಬಿಟ್ಟು ಅರ್ಧ ಚಂದ್ರದಂಗೆ ಹತ್ತಿರ ಹತ್ತಿರ ಕೂತ್ವಿ, ತಬಲದವನ ಕೈ ನಮ್ಮೆಲ್ಲರಿಗೂ ಕಾಣಬೇಕು, ಅವನಿಗೆ ಹಾಡೋರ ಮುಖ ಕಾಣಬೇಕು. ಕಿವಿ ಗೊಂದಲ ಆದಾಗ ಕಣ್ಣು ಕೈ ಹಿಡಿಯುತ್ತೆ.

ಸೌಂಡ್‌ನವರು ಅಂದ್ರೆ ಮೈಕ್ ಸೆಟ್ ಬಾಡಿಗೆಗೆ ತರೋರು ಅಂತ ಮಾತ್ರ ನೋಡಬಾರದು, ಅವತ್ತು ಅವರೇ ನಮ್ಮ ಬ್ಯಾಂಡಿನ ಐದನೇ ಸದಸ್ಯ. ನಮಗೆ ಸಿಕ್ಕ ಅಣ್ಣ ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಿಗೆಲ್ಲ ಮಿಕ್ಸರ್ ಮುಂದೆ ಕೂತು ಪಳಗಿದವರು. ಬಂದೋರೇ, "ತಮ್ಮಾ, ಮೊದ್ಲು ಹಾಡಿನ ಮಾತು ಕೇಳ್ಬೇಕಪ್ಪ, ಆಮೇಲೆ ಉಳಿದಿದ್ದು" ಅಂದ್ರು. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ಕಂಡ ಊರು ಇದು, ಇಲ್ಲಿನ ಹಿರಿಯರಿಗೆ ರಂಗದ ಮೇಲಿನ ಮಾತು, ಹಾಡು ಸ್ಪಷ್ಟವಾಗಿ ಕೇಳಿ ಅಭ್ಯಾಸ, ಹಂಗಾಗಿ ಅಣ್ಣನ ಮಾತು ನೂರಕ್ಕೆ ನೂರು ಸರಿ ಅನ್ನಿಸ್ತು. ಎಕೋ ಎಫೆಕ್ಟ್ ಪೂರ್ತಿ ತೆಗೆಸಿದ್ವಿ, ಹಾಲೇ ಬೇಕಾದಷ್ಟು ಕೊಡ್ತಿತ್ತಲ್ಲ.

ಆಮೇಲೆ ಮಾನಿಟರ್. ಸ್ಟೇಜ್ ಮೇಲೆ ನಮ್ಮ ಕಡೆ ಮುಖ ಮಾಡಿ ಇಡೋ ಸ್ಪೀಕರ್ ಅದು, ಇದಿಲ್ಲದೆ ಹೊಸಬರು ದಯವಿಟ್ಟು ಶೋ ಒಪ್ಕೋಬೇಡಿ. ಹಾಡೋರಿಗೆ ತಮ್ಮ ದನಿ ತಮಗೆ ಕೇಳದಿದ್ರೆ ಕಿರುಚೋಕೆ ಶುರು ಮಾಡ್ತಾರೆ, ಶ್ರುತಿ ಮೇಲೆ ಹೋಗುತ್ತೆ, ನಾಲ್ಕನೇ ಹಾಡಿಗೆ ಗಂಟಲು ಕಟ್ಟುತ್ತೆ. ಸಾಮಾನ್ಯವಾಗಿ ಸಿಗೋ ಎಸ್‌ಎಂ58 ಥರದ ಮೈಕ್ ಮುಂದಿನ ಸದ್ದನ್ನ ಚೆನ್ನಾಗಿ ಹಿಡಿಯುತ್ತೆ, ನೇರ ಹಿಂದಿನದನ್ನ ತುಂಬಾ ಕಮ್ಮಿ. ಅದಕ್ಕೇ ಮಾನಿಟರನ್ನ ಮೈಕಿನ ಬೆನ್ನ ಹಿಂದೆ ಇಡೋದು. ಟಿವಿ ಶೋಗಳಲ್ಲಿ ನೋಡಿ ಕೆಲವರು ಮೈಕಿನ ಜಾಲರಿಯನ್ನೇ ಮುಷ್ಟಿಲಿ ಮುಚ್ಚಿ ಹಿಡೀತಾರಲ್ಲ, ಹಂಗೆ ಹಿಡಿದ್ರೆ ಅದು ಎಲ್ಲಾ ಕಡೆ ಸದ್ದನ್ನೂ ಎಳ್ಕೊಳ್ಳುತ್ತೆ, ಕುಂಯ್ ಅಂತ ಕೂಗೋದು ಆಗಲೇ. ನಮ್ಮ ಟೀಚರ್ ಗೋಡೌನಲ್ಲೇ ಮೈಕಿನ ಕೆಳಭಾಗ ಹಿಡಿದು ಹಾಡೋದನ್ನ ರೂಢಿ ಮಾಡ್ಕೊಂಡಿದ್ರು.

ಕೀಬೋರ್ಡಿಗೂ ಗಿಟಾರಿಗೂ ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನ ಮಿಕ್ಸರ್‌ಗೆ ಹೊಂದೋ ಹಂಗೆ ಮಾಡಿ ಕಳಿಸೋ ಪುಟ್ಟ ಡಬ್ಬಿ) ಹಾಕ್ಸಿ, ಎರಡಕ್ಕೂ ಒಂದೇ ಬೋರ್ಡಿಂದ ಕರೆಂಟ್ ತಗೊಂಡ್ವಿ. ಬೇರೆ ಬೇರೆ ಪಾಯಿಂಟಿಂದ ತಗೊಂಡ್ರೆ ಝುಂ ಅನ್ನೋ ಸದ್ದು ಸೇರ್ಕೊಳ್ಳೋ ಸಾಧ್ಯತೆ ಜಾಸ್ತಿ.

ಇನ್ನು ಶ್ರುತಿ. ನಮ್ಮೂರ ಬಿಸಿಲುಗಾಲದ ಒಣಹವೆ ಗೊತ್ತಲ್ಲ, ಅದರ ಮೇಲೆ ಸ್ಟೇಜ್ ಲೈಟು. ಆ ಬಿಸಿಗೆ ತಬಲದ ಚರ್ಮ ಬಿಗಿಯಾಗಿ ಶ್ರುತಿ ಏರುತ್ತೆ, ಗಿಟಾರ್ ತಂತಿ ಸಡಿಲಾಗಿ ಇಳಿಯುತ್ತೆ, ಅಂದ್ರೆ ಎರಡೂ ಒಂದಕ್ಕೊಂದು ದೂರ ಹೋಗ್ತವೆ. ಅದಕ್ಕೆ ಗ್ರೀನ್ ರೂಮಲ್ಲಿ ಶ್ರುತಿ ಮಾಡ್ಲೇ ಇಲ್ಲ, ಲೈಟ್ ಹಾಕ್ಸಿ, ವಾದ್ಯಗಳನ್ನ ಅದರ ಕೆಳಗೆ ಅರ್ಧ ಗಂಟೆ ಇಟ್ಟು ಆಮೇಲೆ ಮಾಡಿದ್ವಿ. ಹಾಡುಗಳ ಕ್ರಮಾನೂ ಶ್ರುತಿ ನೋಡೇ ಹಾಕಿದ್ವಿ. ಶ್ರುತಿ ಬದಲಿಸೋಕೆ ನನಗೆ ಕೇಪೊ (ಗಿಟಾರ್ ಕುತ್ತಿಗೆಗೆ ಹಾಕೋ ಕ್ಲಿಪ್) ಇದೆ, ಕೀಬೋರ್ಡಿಗೆ ಟ್ರಾನ್ಸ್‌ಪೋಸ್ ಬಟನ್ ಇದೆ, ಆದ್ರೆ ತಬಲದವನು ಪ್ರತಿ ಹಾಡಿಗೂ ಸುತ್ತಿಗೆ ಹಿಡಿದು ಕೂತ್ರೆ ಜನ ಮೊಬೈಲ್ ತೆಗೀತಾರೆ. ಒಂದೇ ಶ್ರುತಿಯ ಹಾಡುಗಳನ್ನ ಒಟ್ಟಿಗೆ ಇಟ್ವಿ, ನಡುವೆ ಒಂದೇ ಸಲ ಬದಲಾವಣೆ, ಅದಕ್ಕೆ ಬೇರೆ ಶ್ರುತಿಯ ಇನ್ನೊಂದು ದಾಯಾಂ, ಅಂದ್ರೆ ಬಲಗೈಲಿ ನುಡಿಸೋ ತಬಲ, ರೆಡಿ ಇತ್ತು.

ಸೌಂಡ್ ಚೆಕ್‌ನಲ್ಲಿ ಖಾಲಿ ಹಾಲ್ ಗಂಯ್ ಅಂತಿತ್ತು, ಕೀಬೋರ್ಡ್ ಹುಡುಗ ಗಾಬರಿ ಆದ. ಅಣ್ಣ ಮಾತ್ರ "ಜನ ಬರ್ಲಿ ಇರಪ್ಪ" ಅಂತ ಸುಮ್ನಿದ್ರು. ನಿಜ, ಮನುಷ್ಯರ ಮೈ, ಬಟ್ಟೆ ಎಲ್ಲ ಸದ್ದು ಹೀರ್ಕೊಳ್ಳುತ್ತೆ, ಕುರ್ಚಿ ತುಂಬ್ತಾ ಬಂದಂಗೆ ಹಾಲ್ ತಾನಾಗೇ ಹದಕ್ಕೆ ಬಂತು. ಮೊದಲ ಹಾಡು ಅರ್ಧ ಆಗೋದ್ರೊಳಗೆ ಅವರು ಇನ್ನೊಮ್ಮೆ ಲೆವೆಲ್ ಸರಿ ಮಾಡಿದ್ರು. ಅದಕ್ಕೇ ಮೊದಲನೇದಾಗಿ ಸುಲಭದ ಹಾಡು ಇಟ್ಟಿದ್ವಿ, ಹಾಡೋರೂ ಮಿಕ್ಸರ್‌ನವರೂ ಇಬ್ರೂ ಕುದುರಿಕೊಳ್ಳಲಿ ಅಂತ.

ನಡುವೆ ಸಿನಿಮಾ ಹಾಡು ಬೇಕು ಅಂತ ಚೀಟಿ ಬಂತು. ಕೇಳೋದ್ರಲ್ಲಿ ತಪ್ಪೇನಿಲ್ಲ, ಆರ್ಕೆಸ್ಟ್ರಾದವರು ಆ ಕೆಲಸಾನ ನಮಗಿಂತ ಎಷ್ಟೋ ಚೆನ್ನಾಗಿ ಮಾಡ್ತಾರೆ, ಅವರ ಮೇಲೆ ನನಗೆ ತುಂಬಾ ಗೌರವ. ಟೀಚರ್ ಚೀಟಿ ಓದಿ ಥ್ಯಾಂಕ್ಸ್ ಹೇಳಿ, ಇವತ್ತು ನಮ್ಮ ಹಾಡು ಕೇಳಿ ಅಂತ ಪ್ರೀತಿಯಿಂದ ಕೇಳ್ಕೊಂಡ್ರು. ಮುಂದಿನ ತತ್ವಪದದ ಪಲ್ಲವಿಯನ್ನ ಎರಡು ಸಲ ನಿಧಾನಕ್ಕೆ ಹೇಳಿಕೊಟ್ಟು ಹಾಡಿಸಿದ್ರು, ಹಿಂದಿನ ಸಾಲಿನ ಅಜ್ಜಂದಿರು ತಾಳ ಹಾಕ್ಕೊಂಡು ನಮಗಿಂತ ಗಟ್ಟಿಯಾಗಿ ಹಾಡಿದ್ರು. ಆ ಹಾಡಲ್ಲಿ ಅಣ್ಣ ನಮ್ಮ ಮೈಕ್‌ಗಳನ್ನೆಲ್ಲ ಸ್ವಲ್ಪ ಇಳಿಸಿ ಜನರ ದನಿ ಮೇಲೆ ಬರೋಕೆ ಬಿಟ್ರು, ಯಾರೂ ಹೇಳಿರ್ಲಿಲ್ಲ, ಅವರಿಗೇ ಹೊಳೆದಿದ್ದು.

ಚಿತ್ರದುರ್ಗದಲ್ಲಿ ಬಯಲು ವೇದಿಕೆ ಮೇಲೆ ಹಾಡಬೇಕು ಅಂತ ಈಗ ಮಾತು ನಡೀತಿದೆ. ಅಲ್ಲಿ ಗೋಡೆ ಇಲ್ಲ, ಗಾಳಿ ಇದೆ, ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕೋ ಹಂಗಿಲ್ಲ, ಲೆಕ್ಕಾಚಾರವೇ ಬೇರೆ. ಡೇಟ್ ಹೇಳೋಕೆ ಮುಂಚೆ ಅಣ್ಣನಿಗೆ ಫೋನ್ ಮಾಡಿ ಅವತ್ತು ಅವರು ಖಾಲಿ ಇದಾರಾ ಅಂತ ಕೇಳಿದ್ವಿ.