ಸರ್ಕಾರಿ ಗ್ಯಾಸ್ ಪವರ್ ಪ್ಲಾಂಟ್ ಕಟ್ಟಬೇಕಾ? ಮೊದಲು ಗ್ಯಾಸ್ ಲೆಕ್ಕ ಹಾಕಿ

ದುಡ್ಡು ಕೊಟ್ಟರೆ ಟರ್ಬೈನ್ ಸಿಗುತ್ತದೆ. ಸರ್ಕಾರದ ಕಂಪನಿ ಅಂದ ಮೇಲೆ ಜಾಗವನ್ನೂ ಹೇಗೋ ಹೊಂದಿಸಬಹುದು. ಕೈಕೊಡುವುದು ಗ್ಯಾಸ್. ಅದಕ್ಕೇ ಡಿಪಿಆರ್ (ಯೋಜನೆಯ ವಿವರವಾದ ವರದಿ) ಬರೆಸುವ ಮೊದಲೇ, ಶಂಕುಸ್ಥಾಪನೆಗೆ ದಿನ ನೋಡುವ ಮೊದಲೇ, ಪೈಪ್‌ಲೈನ್ ಎಲ್ಲಿಯವರೆಗೆ ಬಂದಿದೆ, ಅದರಲ್ಲಿ ಬರುವ ಗ್ಯಾಸ್ ಯಾರದ್ದು, ಎಷ್ಟು ವರ್ಷಕ್ಕೆ, ಯಾವ ರೇಟಿಗೆ ಅಂತ ಕೂತು ಬರೆದುಕೊಳ್ಳಿ.

ನಮ್ಮಲ್ಲೇ ಎರಡು ಉದಾಹರಣೆ ಇವೆ. ಬಿಡದಿಯಲ್ಲಿ ರಾಜ್ಯ ಸರ್ಕಾರದ ವಿದ್ಯುತ್ ಕಂಪನಿ ಕೆಪಿಸಿಎಲ್ ದೊಡ್ಡ ಗ್ಯಾಸ್ ಪ್ಲಾಂಟ್ ಕಟ್ಟುತ್ತೇನೆ ಅಂತ ಹೊರಟಿತ್ತು. ಅದು ಕಾಗದದಲ್ಲೇ ಉಳಿಯಿತು. ಈಗ ಬಿಡದಿಯಲ್ಲಿ ಕೆಪಿಸಿಎಲ್‌ನದ್ದು ಅಂತ ಇರುವುದು ಕಸದಿಂದ ಕರೆಂಟ್ ತೆಗೆಯುವ 11.5 ಮೆಗಾವ್ಯಾಟ್ ಘಟಕ. ಎದ್ದು ನಿಂತದ್ದು ಯಲಹಂಕದ 370 ಮೆಗಾವ್ಯಾಟ್ ಪ್ಲಾಂಟ್. ಹಳೇ ಡೀಸೆಲ್ ಪ್ಲಾಂಟ್ ಇದ್ದ ಜಾಗ, ಪಕ್ಕದಲ್ಲೇ ಬೆಂಗಳೂರಿನಂಥ ಗಿರಾಕಿ, ಮೇಲಾಗಿ 2013ರಲ್ಲಿ ಮಹಾರಾಷ್ಟ್ರದ ದಾಭೋಳ್‌ನಿಂದ ಬೆಂಗಳೂರಿಗೆ ಕೇಂದ್ರ ಸರ್ಕಾರದ ಗ್ಯಾಸ್ ಕಂಪನಿ ಗೇಲ್‌ನ ಪೈಪ್‌ಲೈನ್ ಬಂದಿತ್ತು. ಇಷ್ಟೆಲ್ಲ ಅನುಕೂಲ ಇದ್ದೂ ಉದ್ಘಾಟನೆ ಆಗಿದ್ದು 2024ರ ಸೆಪ್ಟೆಂಬರ್‌ನಲ್ಲಿ!

ಈಗ ಲೆಕ್ಕಕ್ಕೆ ಬನ್ನಿ. ಒಳ್ಳೆಯ ಕಂಬೈನ್ಡ್ ಸೈಕಲ್ ಪ್ಲಾಂಟ್‌ನಲ್ಲಿ (ಗ್ಯಾಸ್ ಟರ್ಬೈನ್‌ನ ಬಿಸಿಯಿಂದ ಸ್ಟೀಮ್ ಟರ್ಬೈನನ್ನೂ ಓಡಿಸುವ ಪ್ಲಾಂಟ್) ಒಂದು ಯೂನಿಟ್ ಕರೆಂಟಿಗೆ ಸುಮಾರು 0.2 ಘನ ಮೀಟರ್ ಗ್ಯಾಸ್ ಬೇಕು. 370 ಮೆಗಾವ್ಯಾಟ್ ದಿನವಿಡೀ ಓಡಿದರೆ 88.8 ಲಕ್ಷ ಯೂನಿಟ್, ಅಂದರೆ ದಿನಕ್ಕೆ 17–18 ಲಕ್ಷ ಘನ ಮೀಟರ್ ಗ್ಯಾಸ್. ಆಮದು ಎಲ್‌ಎನ್‌ಜಿಗೆ (ದ್ರವ ಮಾಡಿ ತರುವ ಗ್ಯಾಸಿಗೆ) ರೇಟ್ ಹೇಳುವುದು ಡಾಲರ್‌ನಲ್ಲಿ, ಗ್ಯಾಸಿನ ಶಾಖ ಅಳೆಯುವ ಎಂಎಂಬಿಟಿಯು ಲೆಕ್ಕದಲ್ಲಿ. ಅಂದಾಜಿಗೆ ಹೀಗೆ ಇಟ್ಟುಕೊಳ್ಳಿ: ಅಲ್ಲಿ ಒಂದು ಡಾಲರ್ ಏರಿದರೆ ಇಲ್ಲಿ ಒಂದು ಯೂನಿಟ್‌ಗೆ 60 ಪೈಸೆ ಏರುತ್ತದೆ. ಪ್ಲಾಂಟ್ ಬಾಗಿಲಿಗೆ ಬರುವಾಗ 12 ಡಾಲರ್ ಬಿದ್ದರೆ ಬರೀ ಗ್ಯಾಸ್ ಖರ್ಚೇ 7 ರೂಪಾಯಿ ದಾಟಿತು. ಸಾಲದ ಬಡ್ಡಿ, ಸಂಬಳ, ರಿಪೇರಿ ಎಲ್ಲ ಅದರ ಮೇಲೆ. ಪಾವಗಡದ ಸೋಲಾರ್ ಪಾರ್ಕ್‌ನಲ್ಲಿ ಬಿಸಿಲು ಕಾಯುತ್ತಿರುವಾಗ ಮಧ್ಯಾಹ್ನ 12 ಗಂಟೆಗೆ ಈ ಕರೆಂಟ್ ಯಾರು ಕೊಳ್ಳುತ್ತಾರೆ, ಹೇಳಿ?

ದೇಶದೊಳಗಿನ ಗ್ಯಾಸ್ ಅಗ್ಗ, ನಿಜ. ಆದರೆ ಅದನ್ನೇ ನಂಬಿ ಕೂರಬೇಡಿ. 2009ರಲ್ಲಿ ಕೃಷ್ಣಾ-ಗೋದಾವರಿ ಕಡಲಿನ ಕೆಜಿ-ಡಿ6 ಬ್ಲಾಕ್‌ನ ಗ್ಯಾಸ್ ಬಂತು ಅಂತ ಆಂಧ್ರದಲ್ಲಿ ಸಾಲುಸಾಲಾಗಿ ಪ್ಲಾಂಟ್ ಎದ್ದವು, 2013ರ ಹೊತ್ತಿಗೆ ಪವರ್ ಪ್ಲಾಂಟ್‌ಗಳ ಪಾಲಿಗೆ ಅಲ್ಲಿಂದ ಬರುತ್ತಿದ್ದ ಗ್ಯಾಸ್ ಸೊನ್ನೆಯಾಯಿತು. ದೆಹಲಿ ಸರ್ಕಾರದ ಬವಾನಾ ಪ್ಲಾಂಟ್ 1,371 ಮೆಗಾವ್ಯಾಟ್‌ನದ್ದು. ಗ್ಯಾಸ್ ಸಾಲದೆ ಅದರಲ್ಲಿ ಎಷ್ಟೋ ಭಾಗ ಸುಮ್ನೆ ನಿಂತ ದಿನಗಳೇ ಜಾಸ್ತಿ.

ಹಾಗಾಗಿ ಪ್ಲಾಂಟನ್ನು ಸಂಜೆಯ ಪೀಕ್‌ಗೆ ಅಂತಲೇ ಯೋಜನೆ ಮಾಡಿ. ಬಿಸಿಲು ಇಳಿದ ಮೇಲೆ, ಮನೆಮನೆಯಲ್ಲಿ ಲೈಟು ಹೊತ್ತಿದಾಗ, ಐದಾರು ಗಂಟೆ ಓಡಿಸುವ ಲೆಕ್ಕ. ಗ್ಯಾಸ್ ಒಪ್ಪಂದವೂ ಅಷ್ಟಕ್ಕೇ ಇರಲಿ. ಟೇಕ್-ಆರ್-ಪೇ ಷರತ್ತು ಇಡೀ ದಿನದ ಗ್ಯಾಸಿಗೆ ಇದ್ದರೆ, ಎತ್ತಿದರೂ ಎತ್ತದಿದ್ದರೂ ದುಡ್ಡು ಕಟ್ಟಲೇಬೇಕು. ಹೆಚ್ಚಿಗೆ ಬೇಕಾದ ದಿನ ಗ್ಯಾಸ್ ಎಕ್ಸ್‌ಚೇಂಜ್‌ನಲ್ಲಿ ಕೊಂಡುಕೊಳ್ಳಬಹುದು, 2020ರಿಂದ ಆ ದಾರಿ ಇದೆ. ಎಸ್ಕಾಂಗಳ ಜೊತೆ ಪಿಪಿಎ (ಕರೆಂಟ್ ಖರೀದಿ ಒಪ್ಪಂದ) ಮಾಡುವಾಗ ಫಿಕ್ಸೆಡ್ ಚಾರ್ಜ್ ಬೇರೆ, ಗ್ಯಾಸ್ ಖರ್ಚು ಬೇರೆ ಇರುತ್ತದೆ. ಪ್ಲಾಂಟ್ ರೆಡಿ ಇದ್ದರೆ ಸಾಕು, ಓಡದಿದ್ದರೂ ಫಿಕ್ಸೆಡ್ ಚಾರ್ಜ್ ಬರುತ್ತದೆ. ಕೊನೆಗೆ ಅದು ಜನರ ಬಿಲ್ಲಿಗೇ ಬರುತ್ತದೆ ಅನ್ನುವುದು ಬೇರೆ ಮಾತು. ಕರೆಂಟ್ ದರ ನಿಗದಿ ಮಾಡುವ ಕೆಇಆರ್‌ಸಿ ಮುಂದೆ ಈ ಪ್ರಶ್ನೆ ಬಂದೇ ಬರುತ್ತದೆ, ಉತ್ತರ ರೆಡಿ ಇಟ್ಟುಕೊಳ್ಳಿ.

ದಿನಾ ಸಂಜೆ ಮಾತ್ರ ಓಡಿಸುವ ಪ್ಲಾಂಟ್ ಅನ್ನುವುದನ್ನು ಟೆಂಡರ್‌ನಲ್ಲೂ ಬಿಡಿಸಿ ಬರೆಯಿರಿ. ಗ್ಯಾಸ್ ಟರ್ಬೈನ್‌ನಿಂದ ಸುಮಾರು 600 ಡಿಗ್ರಿಯ ಬಿಸಿಗಾಳಿ ಬರುತ್ತದೆ, ಅದರಿಂದ ನೀರು ಕಾಯಿಸಿ ಸ್ಟೀಮ್ ಟರ್ಬೈನ್ ತಿರುಗಿಸುತ್ತಾರೆ. ಯಲಹಂಕದಲ್ಲಿ ಮೂರರಲ್ಲಿ ಎರಡು ಪಾಲು ಕರೆಂಟ್ ಗ್ಯಾಸ್ ಟರ್ಬೈನ್‌ನದ್ದು, ಉಳಿದದ್ದು ಸ್ಟೀಮ್‌ನದ್ದು. ದಿನಾ ನಿಲ್ಲಿಸಿ ದಿನಾ ಶುರು ಮಾಡಿದರೆ ಆ ಬಾಯ್ಲರ್‌ನ ದಪ್ಪ ಡ್ರಮ್ಮು, ಪೈಪು ಕಾಯ್ದು ಆರಿ ಬಿರುಕು ಬಿಡುತ್ತವೆ. ಆದ್ದರಿಂದ ದಿನಾ ಸ್ಟಾರ್ಟ್ ತಡೆಯುವ ಬಾಯ್ಲರ್ ಬೇಕು ಅಂತ ಮೊದಲೇ ಕೇಳಿ. ಟರ್ಬೈನ್ ಸರ್ವಿಸ್ ಒಪ್ಪಂದದಲ್ಲಿ ಸ್ಟಾರ್ಟ್‌ಗಳನ್ನು ಹೇಗೆ ಎಣಿಸುತ್ತಾರೆ ಅಂತಲೂ ನೋಡಿ, ಅಲ್ಲೇ ಜೇಬು ಖಾಲಿಯಾಗುವುದು. ಗೇಲ್ ಪೈಪ್ ನಿಮ್ಮ ಗೇಟಿಗೆ ಬಂದರೆ ಆಯಿತು ಅಂದುಕೊಳ್ಳಬೇಡಿ. ಟರ್ಬೈನ್‌ಗೆ ಬೇಕಾದಷ್ಟು ಪ್ರೆಷರ್ ಅಲ್ಲಿ ಸಿಗದಿದ್ದರೆ ಕಂಪ್ರೆಸರ್ ಖರ್ಚು ಬೇರೆ.

ಪರವಾನಗಿಗಳ ಪಟ್ಟಿ ಉದ್ದ ಇದೆ, ಕಷ್ಟದ್ದೇನಲ್ಲ. ಪ್ಲಾಂಟ್ 500 ಮೆಗಾವ್ಯಾಟ್‌ಗಿಂತ ಕಡಿಮೆ ಇದ್ದರೆ ಪರಿಸರ ಅನುಮತಿ ಸಾಮಾನ್ಯವಾಗಿ ರಾಜ್ಯ ಮಟ್ಟದಲ್ಲೇ ಆಗುತ್ತದೆ. ಹತ್ತಿರ ವಿಮಾನ ನಿಲ್ದಾಣ ಇದ್ದರೆ ಚಿಮಣಿ ಎತ್ತರಕ್ಕೂ ಒಪ್ಪಿಗೆ ಬೇಕು. ನೀರಿನ ವಿಷಯ ಮಾತ್ರ ಹಗುರವಾಗಿ ತಗೋಬೇಡಿ. 50 ಕಿಲೋಮೀಟರ್ ಒಳಗೆ ಎಸ್‌ಟಿಪಿ (ಚರಂಡಿ ನೀರು ಶುದ್ಧೀಕರಿಸುವ ಘಟಕ) ಇದ್ದರೆ ಅದರ ಶುದ್ಧೀಕರಿಸಿದ ನೀರನ್ನೇ ಬಳಸಬೇಕು ಅಂತ 2016ರ ಟ್ಯಾರಿಫ್ ಪಾಲಿಸಿ ಹೇಳುತ್ತದೆ. ಚರಂಡಿ ನೀರು ತಾನೇ, ಯಾರು ಕೇಳುತ್ತಾರೆ ಅನ್ನಬೇಡಿ. ಜಕ್ಕೂರು ಕೆರೆಯಂಥ ಕೆರೆ ತುಂಬುವುದೇ ಎಸ್‌ಟಿಪಿ ನೀರಿನಿಂದ. ಅದನ್ನು ತಿರುಗಿಸುವ ಮುಂಚೆ ಕೆರೆಯ ಸುತ್ತಲಿನವರ ಜೊತೆ ಕೂತು ಮಾತಾಡಿ.

ತಡವಾದರೆ ಏನಾಗುತ್ತದೆ ಅಂತ ಕೇಳಿದರೆ ಈ ಲೆಕ್ಕ ತೋರಿಸಿ: 2,400 ಕೋಟಿ ಯೋಜನೆ, ಅದರಲ್ಲಿ 70 ಪರ್ಸೆಂಟ್ ಸಾಲ, ಬಡ್ಡಿ 9 ಪರ್ಸೆಂಟ್. ಸಾಲ ಪೂರ್ತಿ ಎತ್ತಿದ ಮೇಲೆ ಸುಮ್ನೆ ನಿಂತ ಒಂದೊಂದು ದಿನಕ್ಕೆ 41 ಲಕ್ಷ ರೂಪಾಯಿ ಬಡ್ಡಿ.

ಹಾಗಂತ ಟ್ರಯಲ್ ರನ್ನಿನಲ್ಲಿ ಆತುರ ಬೇಡ. ಯಲಹಂಕದಲ್ಲಿ 2020ರ ಅಕ್ಟೋಬರ್‌ನಲ್ಲಿ ಟ್ರಯಲ್ ಹೊತ್ತಿನಲ್ಲೇ ಬೆಂಕಿ ಬಿದ್ದು ಇಂಜಿನಿಯರುಗಳಿಗೆ ಸುಟ್ಟ ಗಾಯವಾಯಿತು. ಅದಕ್ಕೂ ಹತ್ತು ವರ್ಷ ಹಿಂದೆ, 2010ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನಲ್ಲಿ, ಕಟ್ಟುತ್ತಿದ್ದ ಪ್ಲಾಂಟ್ ಒಂದರಲ್ಲಿ ಪೈಪ್ ಒಳಗಿನ ಕಸ ಊದಿ ತೆಗೆಯಲು ಗ್ಯಾಸನ್ನೇ ಬಳಸಿ, ಅದು ಸ್ಫೋಟಗೊಂಡು 6 ಜನ ಸತ್ತರು. ಪೈಪ್ ಊದಲು ಗಾಳಿ ಅಥವಾ ನೈಟ್ರೋಜನ್ ಮಾತ್ರ ಅಂತ ಗುತ್ತಿಗೆಯಲ್ಲೇ ಬರೆಯಿರಿ. ಮೊದಲ ಸಲ ಟರ್ಬೈನ್‌ಗೆ ಬೆಂಕಿ ಹಚ್ಚುವ ದಿನ ಕೆಲಸವಿಲ್ಲದವರು ಯಾರೂ ಟರ್ಬೈನ್ ಹಾಲ್ ಒಳಗೆ ಇರಬಾರದು. ಫೋಟೋ ತೆಗೆಸಿಕೊಳ್ಳಲು ಬಂದ ಸಾಹೇಬರೂ ಅಷ್ಟೇ.