ತೂಕ ಇಳಿಸಲಾರದೇ ಟೈಮಿಂಗ್ ಇಳಿಸಿದ್ದು: ನನ್ನ ಅನುಭವ

ಕಲಬುರಗ್ಯಾಗ 800, 1500 ಮೀಟರ್ ಓಡೋ ಹುಡುಗೇರಿಗೆ ಕೋಚಿಂಗ್ ಕೊಡೋರೆಲ್ಲ ನನಗ ಹೇಳ್ತಿದ್ದದ್ದು ಒಂದೇ ಮಾತು, ಮೇಡಂ ಹುಡುಗೇರ ತೂಕ ಇಳಸ್ರಿ, ಟೈಮಿಂಗ್ ತಾನೇ ಬರ್ತದ ಅಂತ. ನಾ ಉಲ್ಟಾ ಮಾಡ್ದೆ, ಹೊಟ್ಟಿ ತುಂಬ ಉಣಸ್ದೆ. ಎರಡು ಸೀಸನ್ ಆಯ್ತು, ನಮ್ಮ ಗ್ರೂಪ್‌ನಾಗ ಶಿನ್ (ಮೊಳಕಾಲ ಕೆಳಗಿನ ಎಲುಬು) ನೋವು ಅಂತ ಯಾರೂ ಕೂತಿಲ್ಲ, ಅದಕ್ಕೇ ಬರೀಲತ್ತೀನಿ.

ಹುಡುಗೇರು ಹನ್ನೆರಡು-ಹದಿನಾಲ್ಕು ಮಂದಿ, 13ರಿಂದ 17 ವಯಸ್ಸು. ಮುಂಜಾನಿ ಚಾ-ಖಾರಿ ತಿಂದು ಚಂದ್ರಶೇಖರ ಪಾಟೀಲ ಸ್ಟೇಡಿಯಂಗೆ ಬರೋದು, ಓಡೋದು, ಹಂಗೇ ಸಾಲಿಗೆ ಹೋಗೋದು, ಊಟ ಅಂದ್ರ ಮಧ್ಯಾಹ್ನಕ್ಕೇ. ಬ್ಯಾಸಿಗ್ಯಾಗ 42 ಡಿಗ್ರಿಗೆ ಅದೂ ಸೇರಲ್ಲ. ಒಬ್ಬಾಕಿಗೆ ಮೊಳಕಾಲ ಕೆಳಗ ಎಲುಬಿನ ಮ್ಯಾಲ ಒಂದೇ ಜಾಗದಾಗ ಹೆಬ್ಬೆರಳು ಒತ್ತಿದ್ರ ಚೀರ್ತಿದ್ಲು. ಎಕ್ಸ್‌ರೇದಾಗ ಏನಿಲ್ಲ, ಓಡ್ಲಿ ಅಂದ್ರು ಡಾಕ್ಟರ್. ಸ್ಟ್ರೆಸ್ ಫ್ರ್ಯಾಕ್ಚರ್, ಅಂದ್ರ ಓಡಿ ಓಡಿ ಎಲುಬಿನಾಗ ಬೀಳೋ ಸಣ್ಣ ಸೀಳು, ಮೊದಲ ಎರಡು-ಮೂರು ವಾರ ಎಕ್ಸ್‌ರೇದಾಗ ಬಹಳ ಸಲ ಕಾಣಲ್ಲ. ಎಂಆರ್‌ಐಗೆ ಆರೇಳು ಸಾವಿರ, ಅವರಪ್ಪ ಆಟೋ ಹೊಡೀತಾರ, ನಾವೇ ಪಟ್ಟಿ ಎತ್ತಿ ಮಾಡಿಸಿದ್ವಿ, ಅದರಾಗ ಸೀಳು ಕಂಡಿತು. ಮುಟ್ಟಿನ ಡೇಟ್ ಯಾವಾಗ ಆಗಿತ್ತವ್ವಾ ಅಂದೆ, ನಾಲ್ಕು ತಿಂಗಳಾಯ್ತು ಆಗಿಲ್ರಿ ಮೇಡಂ, ಛಲೋನೇ ಆಯ್ತಲ್ರಿ, ಮೀಟ್‌ನಾಗ ತ್ರಾಸಿಲ್ಲ ಅಂದ್ಲು. ಒಬ್ಬೊಬ್ಬರನ್ನೇ ಕೇಳ್ದೆ, ಇನ್ನೂ ನಾಲ್ಕೈದು ಮಂದಿದು ಅದೇ ಕಥಿ.

ಮೊದಲು ಪ್ರೋಟೀನ್ ಪೌಡರ್ ಡಬ್ಬಿ ತಂದ್ವಿ, ಒಂದಕ್ಕ ಎರಡು ಸಾವಿರದ ಮ್ಯಾಲ, ಮನ್ಯಾಗ ತಮ್ಮ-ತಂಗೇರೆಲ್ಲ ಕುಡದು ಮೂರು ವಾರಕ್ಕ ಖಾಲಿ. ಕ್ಯಾಲ್ಸಿಯಂ ಗುಳಿಗಿ ಬ್ಯಾಗ್‌ನಾಗೇ ಉಳದ್ವು. ಒಬ್ಬಾಕಿಗೆ ಹಾರ್ಮೋನ್ ಗುಳಿಗಿ ಬರದು ಕೊಟ್ರು, ಮುಟ್ಟು ಬಂತು ಅಂತ ಮನ್ಯಾಗ ಖುಷಿ, ಕಾಲ್ನೋವು ಮಾತ್ರ ಹೋಗ್ಲಿಲ್ಲ. ಆಮ್ಯಾಲ ಬ್ಯಾರೆ ಲೇಡಿ ಡಾಕ್ಟರ್ ಹೇಳಿದ್ರು, ಅದು ಗುಳಿಗಿ ತರಿಸಿದ ಮುಟ್ಟು, ದೇಹಕ್ಕ ಊಟ ಸಾಲಲಾರದ್ದು ಅದರಾಗ ಮುಚ್ಚಿ ಹೋಗ್ತದ, ಎಲುಬಿಗೆ ಉಪಯೋಗಿಲ್ಲ ಅಂತ. ಓಡೋದಕ್ಕ ತಕ್ಕಷ್ಟು ಊಟ ಇಲ್ಲದ ಮುಟ್ಟು ನಿಂತು ಎಲುಬು ಸೊರಗೋದು, 2014ರಾಗ ಒಲಿಂಪಿಕ್ ಸಮಿತಿಯವರು ರೆಡ್-ಎಸ್ ಅಂತ ಹೆಸರಿಟ್ಟದ್ದು ಇದಕ್ಕೇ.

ಕೆಲಸ ಕೊಟ್ಟದ್ದು ಏನು ಅಂದ್ರ, ಓಡಿ ಮುಗದ ಅರ್ಧ ತಾಸಿನೊಳಗ ಟ್ರ್ಯಾಕ್ ಬಾಜೂಕೇ, ನನ್ನ ಕಣ್ಣೆದುರೇ ತಿನ್ನಬೇಕು. ಎರಡು ತತ್ತಿ, ತತ್ತಿ ತಿನ್ನಲಾರದೋರಿಗೆ ಹಾಲು-ಬಾಳೆಹಣ್ಣು, ಎಲ್ಲರಿಗೂ ಒಂದು ಎಳ್ಳು-ಶೇಂಗಾ-ಬೆಲ್ಲದ ಉಂಡಿ. ಎಳ್ಳಮಾವಾಸಿಗೆ ಮಾಡೋ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ವರ್ಷಪೂರ್ತಿ ಮಾಡ್ರಿ ಅಂತ ತಾಯೇರಿಗೆ ಹೇಳ್ದೆ, ಜೋಡಿ ಮೊಸರು, ಶೇಂಗಾ ಹಿಂಡಿ. ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಾಗ 16-18ರ ಹುಡುಗೇರಿಗೆ ದಿನಕ್ಕ 1050 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಜೋಳದ ರೊಟ್ಟಿ-ತಿಳಿಸಾರಿಗೆ ಅದು ಮುಟ್ಟಲ್ಲ. ಎಳ್ಳಿನಾಗ ಕ್ಯಾಲ್ಸಿಯಂ ಬಹಳ, ಆದ್ರ ಹಾಲಿಂದು ಮೈಗೆ ಹತ್ತಿದಷ್ಟು ಹತ್ತಲ್ಲ, ಹಾಲು ಬಿಡ್ಬ್ಯಾಡ್ರಿ. ಚಾ ಊಟದ ಜೋಡಿ ಬ್ಯಾಡ, ಒಂದು ತಾಸು ಬಿಟ್ಟು, ಕಬ್ಬಿಣಾಂಶ ಹಿಡೀಬೇಕಲ್ಲ.

ಖರ್ಚು ಶುರುವಿಗೆ ತಲಿಗೆ ದಿನಕ್ಕ 45 ರೂಪಾಯಿ ಹತ್ರ ಬರ್ತಿತ್ತು, ಈಗ 25-28ಕ್ಕ ಇಳಿಸೀನಿ. ಹೆಂಗ ಇಳಿಸೀನಿ, ಉಂಡ್ಯಾಗ ಏನೆಷ್ಟು ಹಾಕ್ತೀನಿ, ಅವೆರಡು ಇಲ್ಲಿ ಬರಿಯಲ್ಲ, ಗ್ರೌಂಡಿಗೆ ಬಂದು ತಿಂದು ನೋಡ್ರಿ.

ತೂಕದ ಮಷೀನ್ ತಗದಿಟ್ಟೆ. ಒಬ್ಬೊಬ್ಬರಿಗೂ ಒಂದು ಪಾಕೆಟ್ ಕ್ಯಾಲೆಂಡರ್, ಡೇಟಿಗೆ ಚುಕ್ಕಿ ಇಡೋದು, ನೋಡೋದು ನಾ ಒಬ್ಬಾಕಿನೇ. ಮೂರು ತಿಂಗಳು ಚುಕ್ಕಿ ಇಲ್ಲಂದ್ರ ಓಟ ಅರ್ಧ, ಊಟ ಹೆಚ್ಚು, ಡಾಕ್ಟರ್ ಕಡೆ. 15 ದಾಟಿದ್ರೂ ದೊಡ್ಡಾಕಿ ಆಗಿಲ್ಲಂದ್ರೂ ಡಾಕ್ಟರ್ ಕಡೆ. ಒಬ್ಬಾಕಿಗೆ ಐದು ತಿಂಗಳಿಗೆ ವಾಪಸ್ ಬಂತು, ಇನ್ನೊಬ್ಬಾಕಿಗೆ ಹತ್ರ ಹತ್ರ ವರ್ಷ ಹಿಡೀತು.

ನಡುವ ಅಳ್ವಿ ಬೀಜದ ಪಾಯಸ ಮಾಡಿ ನೋಡ್ದೆ, ಯಾರೂ ಮುಟ್ಟಲಿಲ್ಲ. ನೋವಿಲ್ಲದೋರಿಗೆ ವಾರಕ್ಕ ಎರಡು ದಿನ ಓಟದ ಬದಲಿ ಹಗ್ಗದಾಟ ಹಚ್ದೆ, ಜಿಗದಾಟ ಎಲುಬಿಗೆ ಛಲೋ, ಅದು ಉಳಕೊಂಡದ.

ಸೀಳು ಬಿಟ್ಟಿದ್ದಾಕಿ ಈಗ ನಾಲ್ಕು ಕೆಜಿ ಹೆಚ್ಚಾಗ್ಯಾಳ, 1500ದಾಗ 5:20ರ ಸುತ್ತ ಇದ್ದಾಕಿ 5:03ಕ್ಕ ಬಂದಾಳ. ದಪ್ಪ ಮಾಡಿ ಕೂಡಸ್ತೀರಿ ಅಂದೋರೇ ಈಗ ಉಂಡಿ ಕೇಳ್ಲಿಕ್ಕ ಬರ್ತಾರ.

ಶ್ರಾವಣ ಸೋಮವಾರ ಉಪವಾಸ ಬಿಡ್ರಿ ಅಂದ್ರ ಮನ್ಯಾಗ ಕೇಳಲ್ಲ, ಅದಕ್ಕ ಸೋಮವಾರ ರೆಸ್ಟ್, ಹಾಲು-ಬಾಳೆಹಣ್ಣು-ಉಂಡಿ ನಡೀತದ, ಹಾರ್ಡ್ ವರ್ಕೌಟ್ ಬುಧವಾರಕ್ಕ ಸರಿಸೀನಿ. ರಂಜಾನ್‌ದಾಗ ರೋಜಾ ಇರೋರಿಗೆ ಇಫ್ತಾರ್ ಆದಮ್ಯಾಲ ಹಗರಾಗಿ ಓಡಸ್ತೀನಿ, ಅವರ ಉಂಡಿ ಡಬ್ಬಿ ಸಹರಿಗೆ (ನಸುಕಿನ ಊಟಕ್ಕ) ಅಂತ ಮನಿಗೆ ಕಳಸ್ತೀನಿ.